ಪ್ರಶಸ್ತಿಯೂ ಹಿರಿಮೆಯೂ

ತಂಡವಾಗಿ ಆಡುವ ಆಟಗಳಲ್ಲಿ ಒಬ್ಬ ಆಟಗಾರನ ಹಿರಿಮೆಯನ್ನು ಅವನ ತಂಡ ಗೆದ್ದ ಪ್ರಶಸ್ತಿಗಳ ಸಂಖ್ಯೆಯಿಂದ ಅಳೆಯಬಹುದೆ? ಪ್ರಶ್ನೆ ಹಳೆಯದು, ಆದರೆ ಇದಕ್ಕೆ ನಮ್ಮ ಜನರು ಈಚಿನ ವರ್ಷಗಳಲ್ಲಿ ಹೆಚ್ಚು ಆಲೋಚನೆಯಿಲ್ಲದೆ ಉತ್ತರ ಕೊಟ್ಟುಬಿಡುತ್ತಿದ್ದಾರೆ. ಕಪ್ಪು ಕೈಗೆ ಬಂದರೆ ಆಟಗಾರನು ದೇವರು. ಬರದಿದ್ದರೆ ಅವನು ಎಷ್ಟು ವರ್ಷ ಎಷ್ಟು ನಿಷ್ಠೆಯಿಂದ ದುಡಿದಿದ್ದರೂ ಅವನ ಬಾಳು ಅಪೂರ್ಣ. ಚಹದಂಗಡಿಯ ಮಾತಿನಲ್ಲಿಯೂ, ಕಚೇರಿಯ ಬಿಡುವಿನ ವೇಳೆಯ ಚರ್ಚೆಯಲ್ಲಿಯೂ, ನಮ್ಮ ಸಹೋದ್ಯೋಗಿಗಳು ಬರೆಯುವ ಕ್ರೀಡಾವಾರ್ತೆಗಳಲ್ಲಿಯೂ ಈ ಒಂದೇ ತಕ್ಕಡಿ ಬಳಕೆಯಾಗುತ್ತಿದೆ. ಈ ತಕ್ಕಡಿ ಸರಿಯಾದುದೆ ಎಂಬುದನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಅವಶ್ಯವೆಂದು ನಮಗೆ ತೋರಿದೆ.

ಆಟಪಾಟಗಳ ವಿಷಯಕ್ಕೆ ಸಂಪಾದಕೀಯದ ಅಂಕಣಗಳನ್ನು ಒಪ್ಪಿಸಬೇಕೆ ಎಂದು ಹಿರಿಯ ವಾಚಕರಲ್ಲಿ ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ. 2025ನೆಯ ಇಸವಿ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಹೆಸರು ಹೊತ್ತ ರಾಯಲ್ ಚಾಲೆಂಜರ್ಸ್ ತಂಡ ಪಂಜಾಬಿನ ತಂಡವನ್ನು 6 ಓಟಗಳಿಂದ ಸೋಲಿಸಿ, 18ನೆಯ ಋತುವಿನಲ್ಲಿ ಮೊತ್ತಮೊದಲ ಬಾರಿಗೆ ಇಂಡಿಯನ್ ಪ್ರೀಮಿಯರ್ ಲೀಗಿನ ಕಪ್ಪನ್ನು ಪಡೆಯಿತು. ಮಾರನೆಯ ದಿನ ಆ ಕಪ್ಪಿನ ದರ್ಶನಕ್ಕೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಸೇರಿದ ಜನಸಂದಣಿಯ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಸತ್ತವರಲ್ಲಿ ಬಹುಮಂದಿ ಎಳೆಯ ವಯಸ್ಸಿನವರು. ವ್ಯವಸ್ಥೆಯ ಲೋಪ ಯಾರದು ಎಂಬುದರ ವಿಚಾರಣೆ ನ್ಯಾಯಸ್ಥಾನಗಳಿಗೂ ಸರ್ಕಾರಕ್ಕೂ ಸೇರಿದ್ದು; ಅದನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. ಆದರೆ ಒಂದು ಲೋಹದ ಪಾತ್ರೆಯನ್ನು ದೂರದಿಂದ ಕಂಡರೂ ಜನ್ಮ ಸಾರ್ಥಕವೆಂದು ಲಕ್ಷಾಂತರ ಜನರು ಬೀದಿಗೆ ಬರುವಂತಹ ಮನಃಸ್ಥಿತಿ ಎಲ್ಲಿಂದ ಹುಟ್ಟಿತೆಂಬುದನ್ನು ಕೇಳುವ ಹೊಣೆ ಪತ್ರಿಕೆಗಳದಲ್ಲವೆ? ಹದಿನೇಳು ವರ್ಷಗಳ ಕಾಲ “ಕಪ್ಪಿಲ್ಲದವರು” ಎಂದು ಹಂಗಿಸಿದವರು ನಾವೇ; ಹದಿನೆಂಟನೆಯ ವರ್ಷ ಅದನ್ನೇ ಮೋಕ್ಷವೆಂದು ಸಾರಿದವರೂ ನಾವೇ.

ಎದುರುಪಕ್ಷದ ವಾದವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಆಟವಾಡುವುದು ಗೆಲ್ಲುವುದಕ್ಕೆ. ತಂಡದ ಗೆಲವನ್ನು ಬಯಸದೆ ತನ್ನ ಹೆಸರಿನ ಮುಂದೆ ಅಂಕಿಗಳನ್ನು ಕೂಡಿಹಾಕುವವನು ವರ್ತಕನೇ ಹೊರತು ಆಟಗಾರನಲ್ಲ. ಮೇಲಾಗಿ, ಸಾಧಾರಣ ದಿನಗಳಲ್ಲಿ ಚೆನ್ನಾಗಿ ಆಡುವವರು ಅನೇಕರು. ಅಂತಿಮ ಪಂದ್ಯದ ದಿನ, ಕೋಟಿ ಕಣ್ಣುಗಳ ಮುಂದೆ, ಕೈ ನಡುಗದೆ ಆಡುವವರು ಕೆಲವರೇ. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಕಪಿಲದೇವರು ಹಿಮ್ಮುಖವಾಗಿ ಓಡಿ ವಿವಿಯನ್ ರಿಚರ್ಡ್ಸರ ಚೆಂಡನ್ನು ಹಿಡಿದುದು ಅಂತಹ ಸ್ಥೈರ್ಯದ ಗುರುತು. ಅಮೆರಿಕದ ಬಾಸ್ಕೆಟ್‌ಬಾಲ್ ಆಟದಲ್ಲಿ ಬಾಸ್ಟನ್ ತಂಡದ ಬಿಲ್ ರಸೆಲರು 13 ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಇದನ್ನು ಕೇವಲ ಅದೃಷ್ಟವೆಂದು ಯಾರು ಹೇಳಬಲ್ಲರು? ಪ್ರಶಸ್ತಿ ಏನನ್ನೂ ಹೇಳುವುದಿಲ್ಲವೆಂದು ನಾವು ವಾದಿಸುವುದಿಲ್ಲ. ಅದು ಒಂದು ಸಾಕ್ಷಿ. ಆದರೆ ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದೆಂಬುದೇ ನಮ್ಮ ಅಭಿಮತ.

ಮೊದಲನೆಯದಾಗಿ, ತಂಡದ ಗೆಲವು ಯಾರೊಬ್ಬನ ಸ್ವಂತ ಆಸ್ತಿಯೂ ಅಲ್ಲ. 1983ರ ಆ ಪಂದ್ಯಾವಳಿಯಲ್ಲಿಯೇ, ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಜಿಂಬಾಬ್ವೆಯ ಮೇಲೆ ಭಾರತದ ತಂಡ ಕುಸಿದುಬಿದ್ದಾಗ ಕಪಿಲದೇವರು ಔಟಾಗದೆ 175 ಓಟಗಳನ್ನು ಗಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಆ ದಿನ ಮತ್ತೊಂದು ತುದಿಯಲ್ಲಿ ಕಡೆಯವರೆಗೆ ನಿಂತು, ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ಓಟಗಳ ಜೊತೆಯಾಟಕ್ಕೆ ಆಧಾರವಾಗಿದ್ದವರು ನಮ್ಮ ನಾಡಿನ ಸೈಯದ್ ಕಿರ್ಮಾನಿಯವರು. ಅವರ ಲೆಕ್ಕದಲ್ಲಿ ಸೇರಿದ್ದು 24 ಓಟಗಳು ಮಾತ್ರ. ಅವರು ಅಲ್ಲಿ ನಿಲ್ಲದಿದ್ದರೆ 175 ಎಲ್ಲಿ, ಕಪ್ಪು ಎಲ್ಲಿ? ಅದೇ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ಟುಗಳನ್ನು ಪಡೆದವರು ಬೆಂಗಳೂರಿನ ರೋಜರ್ ಬಿನ್ನಿಯವರು. ಇನ್ನೊಂದು ಕಡೆ, ಅದೇ ತಂಡದ ಸದಸ್ಯರಾಗಿ ಲೋಕಪ್ರಶಸ್ತಿಯ ಗೌರವಕ್ಕೆ ಭಾಗಿಗಳಾದ ಸುನಿಲ್ ವಾಲ್ಸನರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ಒದಗಲಿಲ್ಲ. ಅದು ಅವರ ದೋಷವಲ್ಲ. ತಂಡದ ಹೊರಗೆ ಸಿದ್ಧನಾಗಿ ಕುಳಿತಿರುವುದೂ ಒಂದು ಸೇವೆಯೇ. ಆದರೆ ಕಪ್ಪಿನ ಲೆಕ್ಕವನ್ನೇ ನಂಬುವವರ ಖಾತೆಪುಸ್ತಕದಲ್ಲಿ ಕಪಿಲದೇವರ ಹೆಸರಿನ ಮುಂದೆಯೂ ಒಂದು, ವಾಲ್ಸನರ ಹೆಸರಿನ ಮುಂದೆಯೂ ಒಂದು ಎಂದೇ ಬರೆಯಬೇಕಾಗುತ್ತದೆ. ಇಬ್ಬರ ಕೆಲಸದ ಅಂತರವನ್ನು ತೋರಿಸಲಾರದ ಲೆಕ್ಕ ಎಂತಹ ಲೆಕ್ಕ?

ಈ ಲೆಕ್ಕವನ್ನು ಇನ್ನಷ್ಟು ಮುಂದಕ್ಕೆ ಒಯ್ದರೆ ಅದರ ವಿಪರೀತ ತಾನಾಗಿಯೇ ಬಯಲಾಗುತ್ತದೆ. ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದವರಿಗೆ ಉಂಗುರ ಕೊಡುವ ಪದ್ಧತಿಯುಂಟು. ಮೈಕೆಲ್ ಜೋರ್ಡಾನರ ಉಂಗುರಗಳು ಆರು. ರಾಬರ್ಟ್ ಹಾರಿಯವರ ಉಂಗುರಗಳು ಏಳು. ಹಾರಿಯವರು ಒಳ್ಳೆಯ ಆಟಗಾರರು. ಆದರೆ ಅವರು ಜೋರ್ಡಾನರಿಗಿಂತ ದೊಡ್ಡ ಆಟಗಾರರೆಂದು ಅವರ ಆಪ್ತಮಿತ್ರರೂ ಹೇಳಲಾರರು. ನಮ್ಮ ದೇಶಕ್ಕೇ ಬರೋಣ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಮುಂಬಯಿ ಗೆದ್ದಿತು. ಆ ಕಾಲದಲ್ಲಿ ಮುಂಬಯಿಯಲ್ಲಿ ಹುಟ್ಟಿ ಆ ತಂಡದಲ್ಲಿ ಸ್ಥಾನ ದೊರಕಿಸಿಕೊಂಡವನಿಗೆ ಪ್ರಶಸ್ತಿ ವರ್ಷಾಶನದಂತೆ ಬರುತ್ತಿತ್ತು. ಹರಿಯಾಣದ ರಾಜಿಂದರ್ ಗೋಯಲರಾದರೋ ರಣಜಿ ಪಂದ್ಯಗಳಲ್ಲಿ 637 ವಿಕೆಟ್ಟುಗಳನ್ನು ಪಡೆದು ಆ ಪಂದ್ಯಾವಳಿಯ ಎಸೆತಗಾರರಲ್ಲಿ ಅಗ್ರಗಣ್ಯರಾದರು. ಭಾರತದ ಪರವಾಗಿ ಒಂದು ಟೆಸ್ಟ್ ಪಂದ್ಯವನ್ನಾಡುವ ಭಾಗ್ಯವೂ ಅವರಿಗೆ ಬರಲಿಲ್ಲ. ಹುಟ್ಟಿದ ಊರಿನ ಪುಣ್ಯವನ್ನು ಹುಟ್ಟಿದವನ ಪುರುಷಾರ್ಥವೆಂದು ಎಣಿಸುವುದು ಯಾವ ನ್ಯಾಯ?

ಎರಡನೆಯದಾಗಿ, ಅಂತಿಮ ಪಂದ್ಯದ ತೀರ್ಮಾನದಲ್ಲಿ ದೈವದ ಪಾಲು ನಾವು ಒಪ್ಪಿಕೊಳ್ಳುವುದಕ್ಕಿಂತ ಬಹಳ ದೊಡ್ಡದು. 2019ನೆಯ ಇಸವಿ ಜುಲೈ 14ರಂದು ಲಾರ್ಡ್ಸಿನಲ್ಲಿ ಇಂಗ್ಲೆಂಡಿಗೂ ನ್ಯೂಜಿಲೆಂಡಿಗೂ ನಡೆದ ವಿಶ್ವಕಪ್ ಅಂತಿಮ ಪಂದ್ಯವನ್ನು ನೆನಪಿಸಿಕೊಳ್ಳಿರಿ. ಉಭಯ ತಂಡಗಳೂ 241 ಓಟಗಳು. ಹೆಚ್ಚಿನ ಓವರಿನಲ್ಲಿ ಮತ್ತೆ ಉಭಯರೂ 15 ಓಟಗಳು. ಕಡೆಗೆ ಬೌಂಡರಿಗಳನ್ನು ಎಣಿಸಿ, ಇಂಗ್ಲೆಂಡಿಗೆ 26, ನ್ಯೂಜಿಲೆಂಡಿಗೆ 17 ಎಂದು ಲೆಕ್ಕ ಹಾಕಿ ಕಪ್ಪನ್ನು ಇಂಗ್ಲೆಂಡಿಗೆ ಕೊಟ್ಟರು. ಕೊನೆಯ ಓವರಿನಲ್ಲಿ ಕ್ಷೇತ್ರರಕ್ಷಕನು ಎಸೆದ ಚೆಂಡು ಓಡುತ್ತಿದ್ದ ಬೆನ್ ಸ್ಟೋಕ್ಸರ ದಾಂಡಿಗೆ ಆಕಸ್ಮಿಕವಾಗಿ ತಗುಲಿ ಗೆರೆ ದಾಟಿದುದೂ ಆ ಲೆಕ್ಕದಲ್ಲಿ ಸೇರಿತ್ತು. ಮೂರು ತಿಂಗಳೊಳಗೆ ಆ ನಿಯಮವನ್ನೇ ರದ್ದುಮಾಡಲಾಯಿತು. ಆ ದಿನ ನ್ಯೂಜಿಲೆಂಡಿನ ನಾಯಕರಾಗಿದ್ದ ಕೇನ್ ವಿಲಿಯಮ್ಸನರು ಒಂದು ರದ್ದಾದ ನಿಯಮದ ಕಾರಣದಿಂದ ಕಿರಿಯರಾದರೆ? ಹಾಗೆಯೇ 2022ರ ಡಿಸೆಂಬರ್ 18ರಂದು ಕತಾರಿನ ಲುಸೈಲಿನಲ್ಲಿ ನಡೆದ ಫುಟ್‌ಬಾಲ್ ಅಂತಿಮ ಪಂದ್ಯದಲ್ಲಿ, ಹೆಚ್ಚಿನ ಆಟದ ಕಡೆಯ ಕ್ಷಣಗಳಲ್ಲಿ ಫ್ರಾನ್ಸಿನವರು ಒದೆದ ಚೆಂಡನ್ನು ಅರ್ಜೆಂಟೀನಾದ ಗೋಲುರಕ್ಷಕ ಎಮಿಲಿಯಾನೊ ಮಾರ್ಟಿನೆಜರು ಕಾಲು ಚಾಚಿ ತಡೆದರು. ಆ ಕಾಲು ಅರ್ಧ ಗೇಣು ಆಚೆಗಿದ್ದಿದ್ದರೆ ಲಿಯೊನೆಲ್ ಮೆಸ್ಸಿಯವರ ಕೈಗೆ ವಿಶ್ವಕಪ್ಪು ಬರುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಮೆಸ್ಸಿಯವರ ಹಿರಿಮೆ ಮತ್ತೊಬ್ಬರ ಪಾದದ ಅಳತೆಯನ್ನು ಅವಲಂಬಿಸಿತ್ತೆಂದು ಹೇಳುವುದು ಬುದ್ಧಿವಂತಿಕೆಯೆ? ಅದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಎಂಬಾಪೆಯವರು ಸೋತ ಪಕ್ಷದವರೆಂಬುದನ್ನೂ ಮರೆಯಬಾರದು.

ಬೆಂಗಳೂರಿನ ಕಪ್ಪಿನ ಕಥೆಯಲ್ಲಿಯೇ ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. 2016ರಲ್ಲಿ ವಿರಾಟ್ ಕೊಹ್ಲಿಯವರು ಲೀಗಿನ ಒಂದೇ ಋತುವಿನಲ್ಲಿ ನಾಲ್ಕು ಶತಕಗಳೊಡನೆ 973 ಓಟಗಳನ್ನು ಗಳಿಸಿದರು. ಅಂತಿಮ ಪಂದ್ಯದಲ್ಲಿ ಬೆಂಗಳೂರು 8 ಓಟಗಳಿಂದ ಹೈದರಾಬಾದಿಗೆ ಸೋತಿತು. 2025ರಲ್ಲಿ ಅವರು ಗಳಿಸಿದ್ದು 657. ಬೆಂಗಳೂರು 6 ಓಟಗಳಿಂದ ಗೆದ್ದಿತು. ಆ ಗೆಲವಿನ ರಾತ್ರಿ ನಾಲ್ಕು ಓವರುಗಳಲ್ಲಿ 17 ಓಟಗಳನ್ನು ಮಾತ್ರ ಕೊಟ್ಟು ಎರಡು ವಿಕೆಟ್ಟು ಪಡೆದು ಪಂದ್ಯವನ್ನು ತಿರುಗಿಸಿದವರು ಕೃಣಾಲ್ ಪಾಂಡ್ಯರು. ಹಾಗಾದರೆ ಕೊಹ್ಲಿಯವರು 2016ರಲ್ಲಿ ಚಿಕ್ಕವರಾಗಿದ್ದು 2025ರಲ್ಲಿ ದೊಡ್ಡವರಾದರೆ? 2023ರ ವಿಶ್ವಕಪ್ಪಿನಲ್ಲಿ ಹಿಂದೆ ಯಾರೂ ಗಳಿಸದಿದ್ದ 765 ಓಟಗಳನ್ನು ಅವರು ಗಳಿಸಿದರು. ಹತ್ತು ಪಂದ್ಯಗಳನ್ನು ಸತತವಾಗಿ ಗೆದ್ದ ಭಾರತ ಹನ್ನೊಂದನೆಯದರಲ್ಲಿ ಸೋತಿತು. ಮನುಷ್ಯ ಒಬ್ಬನೇ, ದಾಂಡು ಒಂದೇ, ಶ್ರಮ ಒಂದೇ. ಬದಲಾದುದು ಉಳಿದ ಹತ್ತು ಜನರ ಅಂದಿನ ಆಟ, ಎದುರಾಳಿಗಳ ಅಂದಿನ ಕೈಚಳಕ. ಲೀಗಿನ ಆಟದಲ್ಲಂತೂ ಆ ಹತ್ತು ಮಂದಿ ಯಾರೆಂಬುದು ಹರಾಜಿನ ಕೂಗಿನಿಂದ ನಿಶ್ಚಯವಾಗುತ್ತದೆ. ಹರಾಜಿನ ಲಾಭನಷ್ಟವನ್ನು ಆಟಗಾರನ ಪೌರುಷಕ್ಕೆ ಕಟ್ಟುವುದು ನ್ಯಾಯವಲ್ಲ.

ಇನ್ನು ನಮ್ಮ ನಾಡಿನ ಮಗ ಶ್ರೀ ರಾಹುಲ್ ದ್ರಾವಿಡರ ವಿಷಯ. ಆಟಗಾರರಾಗಿ ಅವರು ವಿಶ್ವಕಪ್ಪನ್ನು ಗೆಲ್ಲಲಿಲ್ಲ. 2003ರಲ್ಲಿ ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಸೋತ ತಂಡದಲ್ಲಿದ್ದರು. 2007ರಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. ನಾಯಕರಾಗಿ ಆ ಸೋಲಿನ ಹೊಣೆಯಲ್ಲಿ ಅವರ ಪಾಲಿದೆಯೆಂಬುದನ್ನು ನಾವು ಮುಚ್ಚುವುದಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ 1986ರ ತರುವಾಯ ಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು ಗೆದ್ದ ತಂಡಕ್ಕೂ ಅವರೇ ನಾಯಕರಾಗಿದ್ದರೆಂಬುದನ್ನೂ ಜೊತೆಗೇ ಹೇಳಬೇಕು. 2011ರ ಏಪ್ರಿಲ್ 2ರಂದು ಭಾರತ ಮುಂಬಯಿಯಲ್ಲಿ ವಿಶ್ವಕಪ್ಪನ್ನು ಗೆದ್ದಾಗ ಅವರು ತಂಡದಲ್ಲಿರಲಿಲ್ಲ. ಅದೇ ವರ್ಷದ ಬೇಸಗೆಯಲ್ಲಿ ಲೋಕಪ್ರಶಸ್ತಿಯ ಮೆರುಗು ಮಾಸುವ ಮುನ್ನವೇ ಭಾರತ ಇಂಗ್ಲೆಂಡಿಗೆ ಹೋಗಿ ನಾಲ್ಕು ಟೆಸ್ಟುಗಳನ್ನೂ ಸೋತಿತು. ಆ ಸರಣಿಯಲ್ಲಿ ಭಾರತದ ಪರವಾಗಿ ಶತಕ ಹೊಡೆದವರು ಒಬ್ಬರೇ. ಅವರು ಕಪ್ಪಿನಲ್ಲಿ ಪಾಲಿಲ್ಲದ ದ್ರಾವಿಡರು. ಲಾರ್ಡ್ಸಿನಲ್ಲಿ ಔಟಾಗದೆ 103, ನಾಟಿಂಗ್‌ಹ್ಯಾಮಿನಲ್ಲಿ 117, ಓವಲಿನಲ್ಲಿ ಮೊದಲಿನಿಂದ ಕಡೆಯವರೆಗೆ ನಿಂತು ಔಟಾಗದೆ 146. ಒಟ್ಟು 461 ಓಟಗಳು. ಆಗ ಅವರಿಗೆ ವಯಸ್ಸು 38. ಮುಳುಗುವ ದೋಣಿಯಲ್ಲಿ ಹುಟ್ಟು ಬಿಡದೆ ಕುಳಿತವನ ಹಿರಿಮೆಯನ್ನು ಯಾವ ಕಪ್ಪಿನಿಂದ ಅಳೆಯುತ್ತೀರಿ?

ಅವರು ಗೆಲ್ಲಿಸಲಿಲ್ಲವೆಂದಲ್ಲ. 2001ರ ಮಾರ್ಚಿಯಲ್ಲಿ ಕಲ್ಕತ್ತೆಯ ಈಡನ್ ಉದ್ಯಾನದಲ್ಲಿ, ಸತತ ಹದಿನಾರು ಟೆಸ್ಟುಗಳನ್ನು ಗೆದ್ದು ಬಂದಿದ್ದ ಆಸ್ಟ್ರೇಲಿಯದ ಎದುರು 274 ಓಟಗಳ ಹಿನ್ನಡೆಯಿಂದ ಫಾಲೋ‌ಆನ್ ಆಡುತ್ತಿದ್ದ ಭಾರತವನ್ನು ಲಕ್ಷ್ಮಣರೊಡನೆ ಸೇರಿ ಎತ್ತಿ ನಿಲ್ಲಿಸಿದರು. ಲಕ್ಷ್ಮಣರು 281, ಇವರು 180, ಜೊತೆಯಾಟ 376. ಒಂದು ಇಡೀ ದಿನ ಒಂದು ವಿಕೆಟ್ಟೂ ಬೀಳಲಿಲ್ಲ. 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ 233 ಮತ್ತು ಔಟಾಗದೆ 72; 1981ರ ತರುವಾಯ ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಅದೇ ಮೊದಲ ಟೆಸ್ಟ್ ಗೆಲವು. 2004ರಲ್ಲಿ ರಾವಳಪಿಂಡಿಯಲ್ಲಿ 270. ಪಾಕಿಸ್ತಾನದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಸರಣಿ ಅದು. 164 ಟೆಸ್ಟುಗಳಲ್ಲಿ 13,288 ಓಟಗಳು. ಎದುರಿಸಿದ ಚೆಂಡುಗಳು ಮೂವತ್ತೊಂದು ಸಾವಿರಕ್ಕೂ ಹೆಚ್ಚು. ಅವರೊಡನೆ ಕಲ್ಕತ್ತೆಯಲ್ಲಿ ಆಡಿದ ಲಕ್ಷ್ಮಣರಿಗೆ ಒಂದೇ ಒಂದು ವಿಶ್ವಕಪ್ ಪಂದ್ಯವನ್ನಾಡುವ ಅವಕಾಶವೂ ದೊರೆಯಲಿಲ್ಲ. ಬೆಂಗಳೂರಿನವರೇ ಆದ ಅನಿಲ್ ಕುಂಬಳೆಯವರು 619 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. 2002ರಲ್ಲಿ ಆಂಟಿಗದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಹದಿನಾಲ್ಕು ಓವರುಗಳನ್ನೆಸೆದು ಬ್ರಯನ್ ಲಾರರನ್ನು ಔಟುಮಾಡಿದರು. ಆ ಪಂದ್ಯದಲ್ಲಿ ಯಾರೂ ಗೆಲ್ಲಲಿಲ್ಲ. ವಿಶ್ವಕಪ್ಪನ್ನು ಕುಂಬಳೆಯವರೂ ಗೆಲ್ಲಲಿಲ್ಲ. ಆದರೂ ಆ ಪಟ್ಟಿ ಕಟ್ಟಿದ ಮುಖವನ್ನು ಕಂಡವರು ಅದನ್ನು ಮರೆತಿಲ್ಲ.

ಇವರಿಗಿಂತ ಹಿಂದಿನವರಾದ ಶ್ರೀ ಗುಂಡಪ್ಪ ವಿಶ್ವನಾಥರ ನಡತೆಯೊಂದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆವು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡು ಐದು ವಿಕೆಟ್ಟು ಕಳೆದುಕೊಂಡು ಸಂಕಟದಲ್ಲಿದ್ದಾಗ ಬಾಬ್ ಟೇಲರರನ್ನು ಅಂಪೈರು ಔಟೆಂದರು. ಚೆಂಡು ದಾಂಡಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ಅವರನ್ನು ಹಿಂದಕ್ಕೆ ಕರೆದರು. ಟೇಲರರೂ ಬೋಥಮರೂ ಸೇರಿ 171 ಓಟಗಳನ್ನು ಕೂಡಿಸಿದರು. ಇಂಗ್ಲೆಂಡು ಹತ್ತು ವಿಕೆಟ್ಟುಗಳಿಂದ ಗೆದ್ದಿತು. ಗೆಲವೊಂದೇ ಹಿರಿಮೆಯ ಅಳತೆಯಾದರೆ ವಿಶ್ವನಾಥರು ಆ ದಿನ ಮಾಡಿದ್ದು ಮೂರ್ಖತನ. ಆದರೆ ನಾಲ್ಕು ದಶಕಗಳ ತರುವಾಯವೂ ಆ ಪಂದ್ಯದಿಂದ ನಮ್ಮ ಜನ ಮರಳಿ ಮರಳಿ ನೆನೆಯುವುದು ಗೆದ್ದವರ ಅಂಕಿಗಳಿಗಿಂತ ಸೋತ ನಾಯಕರ ಆ ಕರೆಯನ್ನೇ. ಅವರು ಗೆಲ್ಲಲು ತಿಳಿಯದವರೂ ಆಗಿರಲಿಲ್ಲ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ವೇಗದೆದುರು ತಂಡ 190ಕ್ಕೆ ಮುಗಿದಾಗ ಅದರಲ್ಲಿ ಔಟಾಗದೆ 97 ಅವರದೇ, ಭಾರತ ಗೆದ್ದಿತು. ಅವರು ಹೊಡೆದ ಹದಿನಾಲ್ಕು ಟೆಸ್ಟ್ ಶತಕಗಳ ಯಾವ ಪಂದ್ಯವನ್ನೂ ಭಾರತ ಸೋಲಲಿಲ್ಲ. ತಂಡಕ್ಕೆ ಒಬ್ಬನ ಉಪಯೋಗವೆಷ್ಟೆಂದು ಕಪ್ಪಿಲ್ಲದೆಯೂ ತಿಳಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಸ್ತ್ರೀಯರ ಕ್ರಿಕೆಟ್ಟಿನಲ್ಲಿ ಇದೇ ಸತ್ಯ ಇನ್ನೂ ಮನಮುಟ್ಟುವಂತಿದೆ. 1976ರಲ್ಲಿ ಪಟ್ನಾದಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆಲವನ್ನು ಪಡೆದಾಗ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು. ಆ ಕಾಲದವರು ಆಟದಿಂದ ಹಣವನ್ನಾಗಲಿ ಪ್ರಸಿದ್ಧಿಯನ್ನಾಗಲಿ ಪಡೆದವರಲ್ಲ. ಅವರ ತರುವಾಯ ಬಂದ ಮಿತಾಲಿ ರಾಜರು 2005ರಲ್ಲಿಯೂ 2017ರಲ್ಲಿಯೂ ತಂಡವನ್ನು ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಒಯ್ದರು; ಎರಡನೆಯ ಸಲ ಲಾರ್ಡ್ಸಿನಲ್ಲಿ ಕೇವಲ 9 ಓಟಗಳಿಂದ ಸೋತರು. 2022ರಲ್ಲಿ ನಿವೃತ್ತರಾದಾಗ ಏಕದಿನ ಪಂದ್ಯಗಳಲ್ಲಿ 7,805 ಓಟಗಳೊಡನೆ ಜಗತ್ತಿನ ಮಹಿಳೆಯರಲ್ಲಿ ಅಗ್ರಸ್ಥಾನದಲ್ಲಿದ್ದರು; ಕಪ್ಪು ಮಾತ್ರ ಇರಲಿಲ್ಲ. 2025ರ ನವೆಂಬರ್ 2ರಂದು ನವಿಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರರ ತಂಡ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಆ ಕಪ್ಪನ್ನು ಗೆದ್ದಿತು. ಗೆದ್ದ ಹುಡುಗಿಯರು ಅದನ್ನು ಕೊಂಡೊಯ್ದು ಮಿತಾಲಿಯವರ ಕೈಗೂ ಝೂಲನ್ ಗೋಸ್ವಾಮಿಯವರ ಕೈಗೂ ಕೊಟ್ಟರು. ದಾರಿ ಕಡಿದವರು ಯಾರು, ಆ ದಾರಿಯಲ್ಲಿ ನಡೆದು ಗುರಿ ಮುಟ್ಟಿದವರು ಯಾರು ಎಂಬುದನ್ನು ಆಡುವವರು ಬಲ್ಲರು. ನೋಡುವವರಾದ ನಾವು ಮಾತ್ರ ಅರಿಯೆವು.

ನಮ್ಮ ಪೂರ್ವಿಕರ ಅಳತೆಗೋಲು ಬೇರೆಯಾಗಿತ್ತು. ವಿರಾಟನಗರದಲ್ಲಿ ಗೋಗ್ರಹಣದ ಗೆಲವಿನ ವಾರ್ತೆ ಬಂದಾಗ ರಾಜನು ಮಗ ಉತ್ತರನೇ ಕೌರವರನ್ನು ಗೆದ್ದನೆಂದು ಊರನ್ನು ಸಿಂಗರಿಸಿದ. ರಥದಲ್ಲಿ ಬಿಲ್ಲು ಹಿಡಿದವರು ಬೇರೆಯೆಂದ ಕಂಕನಿಗೆ ಪಗಡೆಯ ದಾಳದ ಪೆಟ್ಟು ದೊರೆಯಿತು. ಗೆಲವಿನ ಅಮಲಿನಲ್ಲಿ ಕೆಲಸ ಯಾರದೆಂದು ಕೇಳದಿರುವ ದೊರೆಯನ್ನು ಕಂಡು ನಮ್ಮ ಹಳ್ಳಿಯ ಜನ ಇಂದಿಗೂ ನಗುತ್ತಾರೆ. ಆದಿಕವಿ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಗೆದ್ದ ಅರ್ಜುನನೊಡನೆ ಒಂದಾಗಿಸಿ ಕಾವ್ಯವನ್ನು ಬರೆದವನು. ಆದರೂ ಸೋತು ಬಿದ್ದ ಕರ್ಣನನ್ನೇ ಎಲ್ಲರಿಗಿಂತ ಮೊದಲು ನೆನೆಯಿರೆಂದು ಹೇಳಲು ಅವನು ಅಂಜಲಿಲ್ಲ. ಕನ್ನಡನಾಡಿನ ಯಾವ ಊರಿನ ಅಂಚಿಗೆ ಹೋದರೂ ವೀರಗಲ್ಲುಗಳನ್ನು ಕಾಣಬಹುದು. ಅವು ದನಗಳನ್ನು ಬಿಡಿಸಲು ಹೋಗಿ, ಊರನ್ನು ಕಾಯಲು ನಿಂತು, ಬಿದ್ದವರ ಕಲ್ಲುಗಳು. ಕಡೆಗೆ ಯಾವ ಪಕ್ಷ ಗೆದ್ದಿತೆಂಬುದಕ್ಕಿಂತ ಇವನು ಏನು ಮಾಡಿದನೆಂಬುದೇ ಅಲ್ಲಿ ಮುಖ್ಯ. ಆ ಕಲ್ಲುಗಳ ನಡುವೆ ಬೆಳೆದ ಜನರಾದ ನಾವು ಉಂಗುರಗಳನ್ನೂ ಕಪ್ಪುಗಳನ್ನೂ ಎಣಿಸುವ ಗುಮಾಸ್ತೆಗಳಾಗಬಾರದು.

ಹಾಗಾದರೆ ಅಳತೆ ಯಾವುದು? ನಮಗೆ ತೋರುವಂತೆ ಆಟಗಾರನ ವಿಷಯದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಒಂದು, ಅವನು ತನ್ನ ಕೆಲಸವನ್ನು ಎಷ್ಟು ಕಾಲ, ಎಷ್ಟು ಸ್ಥಿರವಾಗಿ, ಎಂತಹ ಎದುರಾಳಿಗಳ ಮೇಲೆ ಮಾಡಿದನು? ಎರಡು, ಕಷ್ಟಕಾಲದಲ್ಲಿ ಅವನು ನಿಂತನೆ, ಇಲ್ಲವೆ ಸುಲಭದ ದಿನಗಳಲ್ಲಿ ಮಾತ್ರ ಮೆರೆದನೆ? ಮೂರು, ಅವನಿಂದ ಜೊತೆಗಾರರು ಹೆಚ್ಚು ಚೆನ್ನಾಗಿ ಆಡಿದರೆ? ನಾಲ್ಕು, ಅವನು ಆಟವನ್ನು ತಾನು ಕಂಡುದಕ್ಕಿಂತ ಶುದ್ಧವಾದ ಸ್ಥಿತಿಯಲ್ಲಿ ಬಿಟ್ಟುಹೋದನೆ? ಪ್ರಶಸ್ತಿಗಳು ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಸಹಾಯಕವಾಗಬಲ್ಲವು. ಅಂತಿಮ ಪಂದ್ಯದಲ್ಲಿ ಅವನು ಹೇಗೆ ಆಡಿದನೆಂಬುದನ್ನು ಎರಡನೆಯ ಪ್ರಶ್ನೆಯಡಿ ಧಾರಾಳವಾಗಿ ಎಣಿಸಬಹುದು. ಆದರೆ ಆ ದಿನ ಅವನ ತಂಡ ಗೆದ್ದಿತೋ ಸೋತಿತೋ ಎಂಬುದು ಅವನ ಆಟದ ವಿವರಕ್ಕೆ ಬದಲಾಗಿ ನಿಲ್ಲಲಾರದು.

ಸೋಲನ್ನು ಹೀಗೆ ಹೊಗಳುತ್ತ ಹೋದರೆ ಹುಡುಗರು ಗೆಲ್ಲುವ ಛಲವನ್ನೇ ಬಿಟ್ಟಾರೆಂದು ಹೆದರುವವರುಂಟು. ನಮ್ಮ ದೇಶದಲ್ಲಿ ಬಹುಕಾಲ ಗೌರವದ ಸೋಲಿನಿಂದಲೇ ತೃಪ್ತರಾಗುವ ಅಭ್ಯಾಸವಿತ್ತೆಂಬುದೂ, ಅದನ್ನು ಬಿಡಿಸಲು ಬಹಳ ಪ್ರಯಾಸವಾಯಿತೆಂಬುದೂ ನಿಜ. ಆದರೆ ನಾವು ಹೊಗಳುವುದು ಸೋಲನ್ನಲ್ಲ. ಸೋಲು ಬರುವುದೆಂದು ಕಂಡ ಮೇಲೂ ಕುಗ್ಗದ ದುಡಿಮೆಯನ್ನು. ಅಂತಹ ದುಡಿಮೆಯಿಲ್ಲದೆ ಯಾವ ಗೆಲವೂ ಬಂದಿಲ್ಲ. ಕರ್ನಾಟಕ 1973-74ರಲ್ಲಿ ಎರಾಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಮುಂಬಯಿಯ ಹದಿನೈದು ವರ್ಷಗಳ ಆಧಿಪತ್ಯವನ್ನು ಮುರಿದು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು. ಅದಕ್ಕೆ ಮುನ್ನ ದಶಕಗಳ ಕಾಲ ಮೈಸೂರಿನ ತಂಡದವರು ಸೋಲುತ್ತಲೇ ಕಲಿತರು. ಬರಿಯ ಫಲವನ್ನೇ ಪೂಜಿಸುವವನು ಬೇರಿಗೆ ನೀರೆರೆಯುವುದನ್ನು ಮರೆಯುತ್ತಾನೆ.

ಈ ಮಾತು ಕೇವಲ ತತ್ತ್ವವಲ್ಲ. ಇದರಿಂದ ನಿತ್ಯವ್ಯವಹಾರದಲ್ಲಿ ಆಗುವ ಹಾನಿಯನ್ನು ಅಧಿಕಾರವರ್ಗದವರಾದ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಶಾಲೆಯ ತಂಡದಲ್ಲಿ ಎಡೆಬಿಡದೆ ಶ್ರಮಿಸಿದ ಹುಡುಗಿಯೊಬ್ಬಳು, ಜಿಲ್ಲೆಯಲ್ಲಿ ಅವಳ ತಂಡ ಎರಡನೆಯದಾಯಿತೆಂಬ ಕಾರಣದಿಂದ, ಅರ್ಜಿಯ ಅಂಕಣದಲ್ಲಿ ಬರೆಯಲು ಏನೂ ಇಲ್ಲದವಳಾಗುತ್ತಾಳೆ. ಗೆದ್ದ ತಂಡದ ಹೊರಗೆ ಕುಳಿತಿದ್ದವನಿಗೆ ಮುದ್ರೆಯೊತ್ತಿದ ಪ್ರಶಸ್ತಿಪತ್ರ ದೊರೆಯುತ್ತದೆ. ಆಯ್ಕೆಯ ಸಮಿತಿಗಳಲ್ಲಿ ಕುಳಿತುಕೊಳ್ಳುವ ಮಹನೀಯರು ತಂಡದ ಆಟಗಳ ಮಟ್ಟಿಗಾದರೂ ಪ್ರಶಸ್ತಿಪತ್ರದ ಜೊತೆಗೆ ಆ ವ್ಯಕ್ತಿ ಆಡಿದ ಪಂದ್ಯಗಳ ವಿವರವನ್ನೂ, ತರಬೇತಿಗಾರರ ಲಿಖಿತ ಅಭಿಪ್ರಾಯವನ್ನೂ ತರಿಸಿಕೊಂಡು ನೋಡಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಹಣ ಬೇಡ, ಹೊಸ ಕಾಯಿದೆ ಬೇಡ. ಸ್ವಲ್ಪ ತಾಳ್ಮೆ ಬೇಕು. ಉಪಾಧ್ಯಾಯರು ಬಹುಮಾನದ ದಿನ ಗೆದ್ದ ತಂಡವನ್ನು ವೇದಿಕೆಗೆ ಕರೆದ ಮೇಲೆ, ಸೋತ ತಂಡದಲ್ಲಿ ಚೆನ್ನಾಗಿ ಆಡಿದವನನ್ನೂ ಹೆಸರು ಹಿಡಿದು ಕರೆಯಲಿ. ಪತ್ರಿಕೆಗಳವರಾದ ನಾವೂ ಒಂದು ವ್ರತವನ್ನು ಹಿಡಿಯಬೇಕು: ಕಪ್ಪಿಲ್ಲದವನೆಂದು ಯಾರನ್ನೂ ಹೀಗಳೆಯುವುದಿಲ್ಲ, ಕಪ್ಪು ಬಂದಿತೆಂದು ಯಾರನ್ನೂ ದೇವರ ಪೀಠಕ್ಕೇರಿಸುವುದಿಲ್ಲ.

ಕಡೆಯದಾಗಿ ಒಂದು ಸಂಗತಿ. 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನ ಭಾರತದ ಹುಡುಗರು ವಿಶ್ವಕಪ್ಪನ್ನು ಗೆದ್ದಾಗ ಅವರ ಗುರುವಾಗಿದ್ದ ದ್ರಾವಿಡರಿಗೆ ಕ್ರಿಕೆಟ್ ಮಂಡಲಿ 50 ಲಕ್ಷ ರೂಪಾಯಿಗಳನ್ನೂ, ಅವರ ಸಹಾಯಕರಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ದ್ರಾವಿಡರು ಈ ಭೇದವನ್ನು ಒಪ್ಪಲಿಲ್ಲ. ಕಡೆಗೆ ಅವರಿಗೂ ಸಹಾಯಕರಿಗೂ ಸಮವಾಗಿ 25 ಲಕ್ಷದಂತೆ ಹಂಚಲಾಯಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಅವರು ಗುರುವಾಗಿದ್ದ ಭಾರತದ ತಂಡ ದಕ್ಷಿಣ ಆಫ್ರಿಕವನ್ನು 7 ಓಟಗಳಿಂದ ಸೋಲಿಸಿ ಲೋಕಪ್ರಶಸ್ತಿಯನ್ನು ಗೆದ್ದಾಗ, ಅವರ ಬಾಳು ಈಗ ಪೂರ್ಣವಾಯಿತೆಂದು ಅನೇಕರು ಬರೆದರು. ಅದು ಸಂತೋಷದ ಮಾತೇ ಸರಿ. ಆದರೆ ಅವರ ಹಿರಿಮೆ ಆ 7 ಓಟಗಳಿಗಾಗಿ ಕಾದು ಕುಳಿತಿರಲಿಲ್ಲ. ಗೆಲವು ಎಲ್ಲರದೆಂದು ತಿಳಿದು ತನ್ನ ಪಾಲನ್ನು ಅರ್ಧಕ್ಕಿಳಿಸಿಕೊಂಡವನಿಗೆ ಹಿರಿಮೆಯ ಅರ್ಥ ನಮಗಿಂತ ಮೊದಲೇ ಗೊತ್ತಿತ್ತು.

ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ಸತ್ತ ಹನ್ನೊಂದು ಮಂದಿಯ ಮನೆಗಳಿಗೆ ಆ ಕಪ್ಪಿನಿಂದ ಬಂದ ಸಮಾಧಾನವೇನು? ಗೆಲವಿಗಾಗಿ ಸಂತೋಷಪಡೋಣ, ಮನೆಯ ಹಬ್ಬದಂತೆ, ಮಿತವಾಗಿ, ಎಲ್ಲರೂ ಕ್ಷೇಮವಾಗಿ ಮನೆ ಸೇರುವಂತೆ ಸಂತೋಷಪಡೋಣ. ಆಟಗಾರನನ್ನು ಮಾತ್ರ ಅವನ ಆಟದಿಂದ ಅಳೆಯೋಣ. ಕಪ್ಪು ಮುಂದಿನ ವರ್ಷ ಮತ್ತೊಬ್ಬರ ಮನೆಗೆ ಹೋಗುವ ವಸ್ತು. ಕಲ್ಕತ್ತೆಯ ಆ ಒಂದು ದಿನ, ಆಂಟಿಗದ ಆ ಪಟ್ಟಿ, ಮುಂಬಯಿಯ ಆ ಕರೆ ಯಾರ ಮನೆಗೂ ಹೋಗುವುದಿಲ್ಲ. ಅವು ಮಾಡಿದವರ ಹೆಸರಿನಲ್ಲಿಯೇ ಉಳಿಯತಕ್ಕವು.